ಅಂಚು ಮಡಿಸದ ತೋಳು

ಬೀದಿಯವರೆಲ್ಲ ಅವಳನ್ನು ಕಾಜಾ ಅಕ್ಕ ಎಂದೇ ಕರೆಯುತ್ತಿದ್ದರು. ಗಂಡ ದರ್ಜಿ, ಅವನು ಹೊಲಿದ ಅಂಗಿಗಳಿಗೆ ಗುಂಡಿ ತೂರುವ ಕಾಜಾ ಮಾಡುವುದು ಇವಳ ಕೆಲಸ. ಮೂವತ್ತು ವರ್ಷ ಅದನ್ನೇ ಮಾಡಿ ಬಲಗೈ ಹೆಬ್ಬೆರಳು ಚಮಚದ ಹಾಗೆ ಬಾಗಿತ್ತು. ಅಂಗಡಿ ಇದ್ದದ್ದು ದೊಡ್ಡ ಕಾಲೇಜಿನ ಗೇಟಿನ ಎದುರಿಗೆ. ವಿಜ್ಞಾನ, ಎಂಜಿನಿಯರಿಂಗ್ ಓದಬೇಕೆನ್ನುವ ಮಕ್ಕಳಿಗೆ ವರ್ಷಕ್ಕೊಮ್ಮೆ ಪ್ರವೇಶ ಪರೀಕ್ಷೆ ನಡೆಯುತ್ತಿದ್ದದ್ದು ಅಲ್ಲೇ. ಆ ದಿನ ಬಂತೆಂದರೆ ಅವಳಿಗೆ ತಲೆನೋವು.

ಯಾರೋ ಎಲ್ಲೋ ತೋಳಿನೊಳಗೆ ಚೀಟಿ ಅಡಗಿಸಿ ಸಿಕ್ಕಿಬಿದ್ದರಂತೆ. ಅಂದಿನಿಂದ ಉದ್ದ ತೋಳಿನವರನ್ನು ಒಳಗೆ ಬಿಡಬಾರದೆಂದು ಕಾನೂನು ಬಂತು. ಕಾನೂನು ಮಾಡಿದವರು ತಣ್ಣಗೆ ಕೂತರು. ಕತ್ತರಿ ಬಂದದ್ದು ಇವರ ಕೈಗೆ. ಗೇಟಿನವನು ಒಬ್ಬೊಬ್ಬರನ್ನೇ ವಾಪಸು ತಿರುಗಿಸಿ ಅಂಗಡಿಯತ್ತ ಕೈ ತೋರಿಸುತ್ತಿದ್ದ.

"ಹಾಲ್ ಟಿಕೆಟಿನ ಹಿಂದೆ ಬರ್ದಿದ್ದಾರಲ್ಲ, ಓದಲ್ವಾ?" ಎಂದು ಕಾಜಾ ಅಕ್ಕ ಎಲ್ಲರಿಗೂ ಬೈಯುತ್ತಿದ್ದಳು. "ಎರಡು ವರ್ಷ ದಿಂಬಿನಷ್ಟು ದಪ್ಪ ಪುಸ್ತಕ ಓದ್ತೀರ, ಒಂದು ಕಾಗದ ಮಗುಚಿ ನೋಡೋಕಾಗಲ್ಲ! ನಾನು ಓದಿದ್ದು ಮೂರನೇ ಕ್ಲಾಸು, ನನಗೇ ಬಾಯಿಪಾಠ ಆಗಿದೆ."

ಮಕ್ಕಳಿಗಿಂತ ಹೆಚ್ಚು ಅವಳ ಜೀವ ತಿನ್ನುತ್ತಿದ್ದವನು ಗಂಡ. ಅಂಚು ಮಡಿಸಿ ಹೊಲಿಯದೆ ಒಂದು ತೋಳೂ ತನ್ನ ಅಂಗಡಿಯಿಂದ ಹೊರಗೆ ಹೋಗಕೂಡದು ಎಂಬ ಹಟ ಅವನದು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಪರದೆಯ ಹಿಂದೆ ಬಟ್ಟೆ ಬಿಚ್ಚಿಸಬೇಕು, ಟೇಪು ಹಿಡಿಯಬೇಕು, ಸೀಮೆಸುಣ್ಣದ ಗೆರೆ ಎಳೆಯಬೇಕು, ಆಮೇಲೆ ಕತ್ತರಿ, ಆಮೇಲೆ ಎರಡು ಮಡಿಕೆ ಹಾಕಿ ಹೊಲಿಗೆ. ಹೊರಗೆ ಹದಿನೈದು ಮಕ್ಕಳು ಕಾದ ಕಾವಲಿಯ ಮೇಲೆ ನಿಂತವರಂತೆ ಕುಣಿಯುತ್ತಿದ್ದರೂ ಅವನ ಮೆಷಿನ್ನು ಮೆರವಣಿಗೆ ಹೊರಟಂತೆ ಸಾಗುತ್ತಿತ್ತು.

ಒಂದು ವರ್ಷ ಕೊನೆಗೆ ಬಂದವಳು ಒಬ್ಬ ಹುಡುಗಿ. ಗೋಡೆ ಗಡಿಯಾರದಲ್ಲಿ ಒಂಬತ್ತಕ್ಕೆ ಆರು ನಿಮಿಷ. ಒಂಬತ್ತಕ್ಕೆ ಗೇಟು ಮುಚ್ಚುತ್ತಾರೆ.

"ಅಕ್ಕಾ, ಬೇಗ! ಇದು ಎರಡನೇ ಸಲ. ಇದೂ ತಪ್ಪಿದ್ರೆ ಮನೇಲಿ ಮತ್ತೆ ಬರೆಯೋಕೆ ಬಿಡಲ್ಲ. ಚಿಕ್ಕಪ್ಪನ ಅಂಗಡೀಲಿ ಕೂರು ಅಂದಿದ್ದಾರೆ."

"ಎರಡನೇ ಸಲ ಬರ್ತಾ ಇದ್ದೀಯ, ತೋಳಿನ ವಿಷಯ ಗೊತ್ತಿಲ್ವಾ?"

"ಗೊತ್ತು. ಇದು ನಮ್ಮಕ್ಕನ ಬಟ್ಟೆ, ಅದೃಷ್ಟದ್ದು. ಅವಳು ಇದನ್ನೇ ಹಾಕ್ಕೊಂಡು ಪಾಸಾಗಿದ್ದು. ಆಗ ಈ ಕಾನೂನಿರ್ಲಿಲ್ಲ."

ದರ್ಜಿ ಟೇಪು ಎತ್ತಿಕೊಂಡ. "ಪರದೆ ಹಿಂದೆ ಹೋಗಮ್ಮ, ಬಿಚ್ಚಿ ಕೊಡು."

"ರೀ, ಆರು ನಿಮಿಷ!"

"ಐದು ನಿಮಿಷದ ಕೆಲಸ. ಅಂಚು ಮಡಿಸದಿದ್ರೆ ನೂಲು ಬಿಚ್ಕೊಳ್ಳುತ್ತೆ ಕಣೇ. ನನ್ನ ಮರ್ಯಾದೆ ಏನಾಗ್ಬೇಕು?"

"ನಿಮ್ಮ ಮರ್ಯಾದೆಗೆ ಆಮೇಲೆ ಅಂಚು ಹೊಲ್ಕೊಳ್ಳಿ!"

ಕಾಜಾ ಅಕ್ಕ ಕತ್ತರಿ ಕಿತ್ತುಕೊಂಡಳು. ಹುಡುಗಿಯನ್ನು ಬೆಳಕಿಗೆ ತಿರುಗಿಸಿ, "ಅಲ್ಲಾಡಿದ್ರೆ ನೋಡು" ಎಂದು ಗದರಿ, ಬಟ್ಟೆ ಮೈಮೇಲಿದ್ದ ಹಾಗೆಯೇ ಮೊಣಕೈ ಮೇಲೆ ಕರಕರ ಕತ್ತರಿಸಿದಳು. ಎಡಗಡೆಯದು ತುಸು ಓರೆಯಾಯಿತು. ಆಗಲಿ. ಗೇಟಿನವನು ಒಂದು ಬಾಗಿಲು ಹಾಕಿ ಇನ್ನೊಂದಕ್ಕೆ ಕೈ ಇಟ್ಟಿದ್ದ. ಹುಡುಗಿ ಓಡಿಹೋಗಿ ಸಂದಿಯಲ್ಲಿ ನುಸುಳಿದಳು.

ದರ್ಜಿ ನೆಲಕ್ಕೆ ಬಿದ್ದಿದ್ದ ತೋಳುಗಳನ್ನೆತ್ತಿ, ಓರೆಯಾದದ್ದು ಹೆಂಡತಿಗೆ ಕಾಣುವಂತೆ ಮೆಷಿನ್ನಿನ ಮೇಲೆ ಹರಡಿಟ್ಟ.

ಪರೀಕ್ಷೆ ಮುಗಿದ ಮೇಲೆ ಹುಡುಗಿ ತಾನಾಗಿಯೇ ಬಂದಳು. ಬಲತೋಳು ಭುಜದ ಹತ್ತಿರಕ್ಕೆ ಏರಿತ್ತು. ಕೆಳಗೆ ಜೋಳದ ತೆನೆಯ ಕೂದಲಿನಂತೆ ನೂಲು ಜೋಲುತ್ತಿತ್ತು.

"ಲೆಕ್ಕ ಬರದೇ ಇದ್ದಾಗೆಲ್ಲ ಒಂದೊಂದು ನೂಲು ಎಳೆದೆ ಅಕ್ಕಾ."

ದರ್ಜಿಯ ಮುಖ ಅರಳಿತು. "ನೋಡಿದ್ಯಾ? ನಾನು ಹೇಳಿರ್ಲಿಲ್ವಾ?"

"ಗೇಟಿನ ಹೊರಗೆ ನಿಂತಿದ್ರೆ ನೂಲು ಎಳೆಯೋಕೆ ಲೆಕ್ಕ ಎಲ್ಲಿರ್ತಿತ್ರೀ?"

ಅವನು ಕಿವಿಗೆ ಹಾಕಿಕೊಳ್ಳದೆ ಟೇಪು ಹಿಡಿದ. "ನಾಲ್ಕು ಬೆರಳಷ್ಟು ಬಿಚ್ಚಿದ್ದೀಯ. ಎಡಗಡೆ?"

"ಎಡಗಡೆ ಮುಟ್ಲಿಲ್ಲ. ಆಮೇಲಿನ ಲೆಕ್ಕವೆಲ್ಲ ಬಂತು."

ದರ್ಜಿ ಅವತ್ತು ಎರಡೂ ತೋಳನ್ನು ಸಮ ಮಾಡಿ, ಎರಡು ಮಡಿಕೆ ಹಾಕಿ, ಸಾವಕಾಶವಾಗಿ ಹೊಲಿದುಕೊಟ್ಟ.

ಮೂರು ತಿಂಗಳ ಮೇಲೆ ಅದೇ ಹುಡುಗಿ ಬಿಳಿ ಬಟ್ಟೆ ಹಿಡಿದು, ಈಗ ಅದೇ ಕಾಲೇಜಿನ ಗೇಟಿನಿಂದಲೇ ಅಂಗಡಿಗೆ ಬಂದಳು.

"ಸೀಟು ಸಿಕ್ತು ಅಕ್ಕಾ! ಪ್ರಯೋಗಶಾಲೆಗೆ ಕೋಟು ಹೊಲಿಸಬೇಕು. ತೋಳು ಮಣಿಕಟ್ಟಿನ ತನಕ ಇರ್ಲೇಬೇಕಂತೆ. ಗಿಡ್ಡ ಇದ್ರೆ ಒಳಗೆ ಬಿಡಲ್ವಂತೆ."

ಕಾಜಾ ಅಕ್ಕ ಹಣೆ ಚಚ್ಚಿಕೊಂಡಳು. ದರ್ಜಿ ಮಾತ್ರ ಕತ್ತರಿಯನ್ನು ಅವಳ ಕೈಗೆ ಸಿಗದಂತೆ ಮೆಷಿನ್ನಿನ ಆಚೆ ಸರಿಸಿಟ್ಟು, ಟೇಪು ಬಿಡಿಸಿದ.