ಮಲಗಿದವರ ಅಳತೆ

ಪುಟ್ಟಾ, ಚಿನ್ನೂ, ಅಟ್ಟದ ಮೇಲಿರುವ ನಾಲ್ಕು ಗೂಟದ ಮರದ ರಾಟೆ ಏನೆಂದು ಕೇಳುತ್ತಿದ್ದಿರಲ್ಲ. ಬಾಯಲ್ಲಿ ಹೇಳಲು ನನಗೆ ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ.

ಕೊಡಗು ಬೇರೆಯೇ ರಾಜ್ಯವಾಗಿದ್ದ ಕಾಲ. ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆಸಿದ್ದೆವು. ನಿಮ್ಮ ತಾತ ಕತ್ತಾಳೆ ನಾರಿನ ಹಗ್ಗ ಹೊಸೆಯುತ್ತಿದ್ದರು. ಪಾಲಿಬೆಟ್ಟದ ಒಂದು ತೋಟದವರು ಮರಗಸಿಗೆ ಹಗ್ಗ ಹೇಳಿದ್ದರು. ನೆರಳಿನ ಮರದ ಕೊಂಬೆ ಕಡಿದು, ಕಾಫಿ ಗಿಡ ಮುರಿಯದಂತೆ ಹಗ್ಗ ಕಟ್ಟಿ ಕೆಳಗಿಳಿಸುವ ಕೆಲಸ ಅದು. ಹಗ್ಗ ಗಿಡ್ಡವಾದರೆ ತುದಿ ಕೆಳಗಿನವರ ಕೈ ಜಾರಿ ಕೊಂಬೆ ಅವರ ಮೇಲೇ ಬೀಳುತ್ತದೆ. ಒಂದೊಂದೂ ಇಪ್ಪತ್ತು ಮಾರು ಇರಬೇಕು. ಮಾರು ಎಂದರೆ ಎರಡೂ ಕೈ ಚಾಚಿದಷ್ಟು ಉದ್ದ. ತೋಟದವರು ನಂಬಿದ್ದು ತಾತನ ಕೈಯನ್ನು.

ಹೊಸೆದಾಗಿತ್ತು, ಅಳೆದು ಕತ್ತರಿಸುವುದು ಉಳಿದಿತ್ತು. ಅಷ್ಟರಲ್ಲಿ ತಾತನಿಗೆ ಚಳಿಜ್ವರ ಬಂದು ಕಣ್ಣೇ ಬಿಡದೆ ಮಲಗಿದರು. ಮರುದಿನವೇ ಹಗ್ಗ ಒಯ್ಯಲು ತೋಟದ ಗಾಡಿ ಬರುವುದಿತ್ತು. ನನ್ನ ಮಾರು ಗಿಡ್ಡ.

ಆಳಿನ ಎತ್ತರವೇ ಅವನ ಮಾರು ಎಂದು ಅವರೊಮ್ಮೆ ಹೇಳಿದ್ದು ನೆನಪಾಯಿತು. ಅವರ ನೆತ್ತಿಯಿಂದ ಹಿಮ್ಮಡಿವರೆಗೆ ದಾರ ಹಿಡಿದೆ. ಆಗಲೇ ಅತ್ತೆ ಒಳಗೆ ಬಂದರು.

"ಮಲಗಿದೋನಿಗೆ ಅಳತೆ ಹಿಡೀತೀಯೇನೇ? ನನ್ ಮಗನಿಗೆ ಗುಂಡಿ ತೋಡಿಸ್ತೀಯಾ?"

ನಮ್ಮಲ್ಲಿ ಹಾಗೆ ಉದ್ದ ಹಿಡಿಯುವುದು ಸತ್ತಾಗ ಮಾತ್ರ, ಮಣ್ಣು ಮಾಡಲು. ಗೊತ್ತಿದ್ದೂ ಹಗ್ಗದ ಯೋಚನೆಯಲ್ಲಿ ಮರೆತಿದ್ದೆ. ದಾರವನ್ನು ಸೆರಗಿನಲ್ಲಿ ಮುದುರಿಕೊಂಡು ಕೊಟ್ಟಿಗೆಗೆ ಓಡಿದೆ.

ಮರದ ಎರಡು ರೀಪು ಅಡ್ಡಡ್ಡ ಕೂಡಿಸಿದೆ. ದಾರ ನಾಲ್ಕಾಗಿ ಮಡಿಸಿ, ಗೂಟದಿಂದ ಗೂಟಕ್ಕೆ ಅಷ್ಟೇ ದೂರ ಬರುವಂತೆ ತುದಿಗಳಲ್ಲಿ ಗೂಟ ಹೊಡೆದು, ನಡುವೆ ತೂತು ಕೊರೆದು ಕಂಬದ ಮೊಳೆಗೆ ಸಿಕ್ಕಿಸಿದೆ. ಹಗ್ಗ ಒಂದು ಸುತ್ತು ಬಂದರೆ ಒಂದು ಮಾರು. ಗೂಟ ಹೊಡೆಯುವಾಗ ಪ್ರತಿ ಏಟೂ ಗುಂಡಿ ತೋಡುವ ಹಾರೆ ನೆಲಕ್ಕೆ ಬಿದ್ದಂತೆ ಕೇಳಿತ್ತು. ಸಂಜೆ ಜ್ವರ ಇನ್ನೂ ಏರಿತು. ನಾನೇ ಏರಿಸಿದೆ ಎಂದುಕೊಂಡೆ. ದಾರವನ್ನೂ ರಾಟೆಯನ್ನೂ ಒಲೆಗೆ ಹಾಕಲು ಎರಡು ಸಲ ಹೋದೆ; ಮರದ ಕೆಳಗೆ ನಿಲ್ಲುವವರ ನೆನಪಾಗಿ ಎರಡು ಸಲವೂ ವಾಪಸು ಬಂದೆ.

ಬೆಳಗ್ಗೆ ಹಗ್ಗ ಸುತ್ತುತ್ತಿದ್ದಾಗ ಒಳಗಿನ ನರಳಾಟ ನಿಂತಿತು. ನನ್ನ ಕೈಯೂ ನಿಂತಿತು. ಎದ್ದು ಹೋಗಿ ನೋಡುವ ಧೈರ್ಯ ಬರಲಿಲ್ಲ.

"ಏನೇ ಅದು, ಕಿರ್ ಕಿರ್ ಅಂತ?"

ನಿಮ್ಮ ತಾತ ಕಂಬಳಿ ಹೊದ್ದು ಕೊಟ್ಟಿಗೆಯ ಬಾಗಿಲು ಹಿಡಿದು ನಿಂತಿದ್ದರು.

"ನಿಮ್ಮ ಮಾರು" ಎಂದೆ.

ಒಂದು ಸುತ್ತು ಬಿಚ್ಚಿಸಿ ಕೈ ಚಾಚಿ ನೋಡಿದರು. "ನಾಲ್ಕು ಬೆರಳು ಜಾಸ್ತಿ ಐತಲ್ಲೇ! ಅವ್ವಾ, ಇವಳು ತೋಡ್ಸೋ ಗುಂಡೀಲಿ ನಾನು ಹೊರಳಾಡಬಹುದು!"

"ಬಿಡ್ತು ಅನ್ನೋ!" ಎಂದು ಅತ್ತೆ ಗದರಿದರು. ಹಿಂದಿನ ದಿನ ಅವರು ಅಂದದ್ದು ಜ್ವರದಲ್ಲೂ ಮಗನ ಕಿವಿಗೆ ಬಿದ್ದಿತ್ತು.

ಅಳತೆ ಸರಿಮಾಡೋಣವೆಂದು ಗೂಟ ಕೀಳಲು ಹೋದರೆ ತಾತ ಬಿಡಲಿಲ್ಲ. ಕೆಳಗೆ ನಿಂತವರಿಗೆ ಹಗ್ಗ ಹೆಚ್ಚೇ ಇರಲಿ ಎಂದರು.

ಅವರು ತೀರಿಹೋದದ್ದು ಎಷ್ಟೋ ವರ್ಷಗಳ ಮೇಲೆ. ಆದರೂ ಅಂದು ಊರಿನವರು ಅಳತೆಗೆ ದಾರ ಕೇಳಿದಾಗ ನಾನು ಹಿತ್ತಲಿಗೆ ಹೋಗಿ ನಿಂತೆ. ಆ ಭಯ ಇನ್ನೂ ಹೋಗಿಲ್ಲ. ಈ ಹಾಳೆಗಳನ್ನು ರಾಟೆಯ ಗೂಟಕ್ಕೇ ಕಟ್ಟಿಡಿ ಮಕ್ಕಳೇ, ಗೆದ್ದಲು ಹತ್ತದಂತೆ ನೋಡಿಕೊಳ್ಳಿ.