ಕಪಗ್ಯಾಡಿ ಬಂತು

ಸೊರಬದಿಂದ ಹೊರಟ ಬಸ್ಸು ಕಿಕ್ಕಿರಿದಿತ್ತು. ಇಂಗ್ಲೆಂಡಿನಿಂದ ಬಂದಿದ್ದ ಗೆಳತಿ ಹೆಲೆನ್‌ಗೆ ಮುಂದೆ ಸೀಟು ಸಿಕ್ಕಿತು. ನಾನು ಹಿಂದೆ ಕಂಬಿಗೆ ಜೋತುಬಿದ್ದಿದ್ದೆ. ಕುಪ್ಪಗಡ್ಡೆ, ಕುಪ್ಪಗಡ್ಡೆ ಎಂದು ಬೆಳಗಿನಿಂದ ಹೇಳಿಕೊಟ್ಟಿದ್ದರೂ ಅವಳು ಟಿಕೆಟ್ ಕೇಳಿದ್ದು ‘ಕಪಗ್ಯಾಡಿ’ಗೆ. ಕಂಡಕ್ಟರ್ ನಗಲಿಲ್ಲ, ನನ್ನ ಹಾಗೆ ತಿದ್ದಲೂ ಇಲ್ಲ.

ಊರು ಬಂತು. ‘ಕುಪ್ಗಡ್ಡೆ, ಕುಪ್ಗಡ್ಡೆ!’ ಎಂದು ಕಂಡಕ್ಟರ್ ಕೂಗಿದರು. ಹೆಲೆನ್ ಕಿಟಕಿಯಾಚೆ ನೋಡುತ್ತಲೇ ಇದ್ದಳು. ಗದ್ದಲದಲ್ಲಿ ನನ್ನ ದನಿ ಅವಳಿಗೆ ಕೇಳಲಿಲ್ಲ. ಕಂಡಕ್ಟರ್ ಅವಳತ್ತ ಬಾಗಿ, ಅವಳದೇ ರಾಗದಲ್ಲಿ ‘ಕಪಗ್ಯಾಡಿ!’ ಎಂದರು. ದಡಬಡಿಸಿ ಎದ್ದಳು. ಪಕ್ಕದ ಸೀಟಿನ ಅಜ್ಜಿ, ‘ಹ್ಞೂಂ, ಕಪಗ್ಯಾಡಿ ಇದೇ ಕಣವ್ವ, ಇಳಿ’ ಎಂದು ಚೀಲ ಎತ್ತಿಕೊಟ್ಟರು.

ಇಳಿಯುವಾಗ ನಾನು ಕಂಡಕ್ಟರಿಗೆ ಕೈಮುಗಿದೆ.

‘ಹೆಂಗಾದ್ರೂ ಕರೀಲಿ ಬಿಡ್ರೀ, ನಮ್ಮೂರಿಗೆ ಬಂದ್ರಲ್ಲ’ ಎಂದವರೇ ಸೀಟಿ ಊದಿದರು.