ಉಪಚಾರದ ನಲವತ್ತು ಕಾರ್ಡುಗಳು

ಕೈಗೆ ಕಾರ್ಡು ಬಂದ ಕೂಡಲೇ ಗಂಡಸರು ಮೊದಲು ಮಾಡುವ ಕೆಲಸ, ಅದನ್ನು ಮೇಜಿನ ಮೇಲೆ ಟಪಟಪನೆ ಕುಟ್ಟಿ ಅಂಚು ಸರಿಮಾಡುವುದು. ಅಂಚು ಮೊದಲೇ ಸರಿಯಾಗಿರುತ್ತದೆ; ಆದರೂ ಕುಟ್ಟುತ್ತಾರೆ. ಹಿಟ್ಟಿನ ಡಬ್ಬಿಯನ್ನು ನಾವೂ ಕುಟ್ಟುತ್ತೇವೆ, ನಿಜ. ಆದರೆ ನಾವು ಕುಟ್ಟುವುದು ಇನ್ನೊಂದು ಪಾವು ಹಿಡಿಯಲಿ ಎಂದು. ಅವರು ಕುಟ್ಟುವುದು ಎದುರಿಗೆ ಕೂತವರು ಬೆದರಲಿ ಎಂದು. ಶಿರಾದ ಬಸ್ ನಿಲ್ದಾಣದ ಹಿಂದಿನ ಸ್ಟೇಷನರಿ ಅಂಗಡಿಯ ಮಹಡಿಯಲ್ಲಿ, ಭಾನುವಾರದ ಬೆಳಿಗ್ಗೆ, ಮಧುಗಿರಿ, ಕೊರಟಗೆರೆ, ಪಾವಗಡಗಳಿಂದೆಲ್ಲ ಬಂದ ಎರಡು ಡಜನ್ ಮಹನೀಯರು ಏಕಕಾಲಕ್ಕೆ ಹೀಗೆ ಕುಟ್ಟುವುದನ್ನು ನೀವು ಒಮ್ಮೆ ಕೇಳಬೇಕು. ಇಷ್ಟು ಸದ್ದಿನಿಂದ ಇಷ್ಟು ಸ್ವಲ್ಪವೇ ಬುದ್ಧಿ ಹೊರಬರುವ ಜಾಗವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆಟ ತಿಳಿಯದವರಿಗೆ ಎರಡು ಮಾತು. ತಲೆಗೆ ನಲವತ್ತು ಕಾರ್ಡು. ಯಾವ ನಲವತ್ತು ಎಂಬುದನ್ನು ಮನೆಯಲ್ಲೇ ಆರಿಸಿ ಜೋಡಿಸಿಕೊಂಡು ಬರಬೇಕು; ಆ ಕಟ್ಟಿಗೆ ಡೆಕ್ ಎನ್ನುತ್ತಾರೆ. ಸರದಿ ಬಂದಾಗ ಕಟ್ಟಿನಿಂದ ಒಂದು ಕಾರ್ಡು ಎತ್ತಿ, ಕೈಯಲ್ಲಿರುವ ಡ್ರ್ಯಾಗನ್ನನ್ನೋ ಯೋಧನನ್ನೋ ಕಣಕ್ಕಿಳಿಸಿ ಎದುರಾಳಿಯ ಪ್ರಾಣ ಹಿಂಡಬೇಕು. ಪ್ರಾಣ ಮುಗಿದವರು ಸೋತರು. ಯಾರೂ ಓದದ ಇನ್ನೊಂದು ನಿಯಮವೂ ಇದೆ: ಸರದಿ ಬಂದಾಗ ಎತ್ತಲು ಕಟ್ಟಿನಲ್ಲಿ ಕಾರ್ಡೇ ಉಳಿಯದಿದ್ದವರೂ ಸೋತಂತೆಯೇ.

ಸಾವಿರಾರು ಕಾರ್ಡುಗಳ ನಡುವಿನಿಂದ ನಲವತ್ತನ್ನು ಆರಿಸುವುದರಲ್ಲೇ ಈ ಆಟದ ಸೌಂದರ್ಯವೆಲ್ಲ ಅಡಗಿದೆ ಎಂದು ನನ್ನ ಮಗಳು ನಿಶ್ಚಿತಾ ನಂಬಿದ್ದಳು. ಒಂಬತ್ತನೇ ಕ್ಲಾಸಿನ ಹುಡುಗಿ. ಆಮೆ, ಮುಂಗುಸಿ, ಮುಳ್ಳುಹಂದಿ, ಹೀಗೆ ತನಗೆ ಪ್ರೀತಿಯಾದವುಗಳನ್ನೆಲ್ಲ ಕೂಡಿಸಿ ಡೆಕ್ ಕಟ್ಟಿಕೊಂಡು ಶಿರಾಕ್ಕೆ ಬಂದಿದ್ದಳು. ಅಂಗಡಿಯ ಯಜಮಾನ ರುದ್ರೇಶಪ್ಪನವರು, ಎಲ್ಲರ ಬಾಯಲ್ಲಿ ‘ಮಾಸ್ಟ್ರು’, ಅದನ್ನು ಅವಳ ಕೈಯಿಂದ ತೆಗೆದುಕೊಂಡು ಬೀಸಣಿಗೆಯಂತೆ ಬಿಡಿಸಿ ಇಡೀ ಸಭೆಗೆ ತೋರಿಸಿದರು.

“ಇದೇನ್ ಕಣಮ್ಮ, ಡೆಕ್ಕೋ ಮೃಗಾಲಯವೋ? ಮೊಬೈಲ್‌ನಾಗೆ ಲಿಸ್ಟ್ ಐತೆ, ಅದನ್ನ ನೋಡ್ಕಂಡು ಜೋಡ್ಸ್ಕಂಡ್ ಬಾ. ನಾವೆಲ್ಲ ಅದ್ನೇ ಆಡಾದು.”

ಎಲ್ಲರೂ ನಕ್ಕರು. ನಿಜಕ್ಕೂ ಅವರೆಲ್ಲ ಅದನ್ನೇ ಆಡುತ್ತಿದ್ದರು. ಯಾವನೋ ದೂರದೇಶದ ಪಂಡಿತ ಹೇಳಿದ ಒಂದೇ ಪಟ್ಟಿ. ಅವೇ ನಾಲ್ಕು ಡ್ರ್ಯಾಗನ್, ಅವೇ ಆರು ಯೋಧರು. ಬ್ಯಾಂಡ್‌ಸೆಟ್ಟಿನವರ ಸಮವಸ್ತ್ರ ತೊಟ್ಟುಕೊಂಡು ಪ್ರತಿಯೊಬ್ಬನೂ ತಾನು ಸೇನಾಧಿಪತಿ ಎಂದುಕೊಂಡಿದ್ದ. ಮನೆಗೆ ಬಂದ ನಿಶ್ಚಿತಾ ಕಾರ್ಡಿನ ಡಬ್ಬಿಯನ್ನು ವರಾಂಡದ ಹಳೇ ಪೇಪರಿನ ರಾಶಿಯ ಮೇಲಿಟ್ಟಳು. “ಪೇಪರಿನವರು ಬಂದಾಗ ಇದನ್ನೂ ಕೊಟ್ಟುಬಿಡಮ್ಮ,” ಎಂದಳು. ಅಳಲಿಲ್ಲ. ಅತ್ತಿದ್ದರೆ ನಾನು ಸುಮ್ಮನಿರುತ್ತಿದ್ದೆನೋ ಏನೋ. ಅವಳು ಡಬ್ಬಿಯ ಮುಚ್ಚಳವನ್ನು ಎರಡೆರಡು ಸಲ ಒತ್ತಿ ಭದ್ರಪಡಿಸಿದ್ದನ್ನು ನೋಡಿ, ಪೇಪರಿನವರು ಬರುವುದರೊಳಗೆ ಏನಾದರೂ ಮಾಡಲೇಬೇಕೆನ್ನಿಸಿತು.

ಮರುದಿನ ಅವಳು ಶಾಲೆಗೆ ಹೋದಮೇಲೆ, ಒಗ್ಗರಣೆ ಆರುವಷ್ಟರಲ್ಲಿ ಡಬ್ಬಿ ತೆಗೆದು ಕೂತೆ. ಕನ್ನಡಕ ಏರಿಸಿ ಪ್ರತಿ ಕಾರ್ಡಿನ ಅಡಿಯಲ್ಲಿರುವ ಇರುವೆಸಾಲಿನಂಥ ಅಕ್ಷರಗಳನ್ನು ಓದಿದೆ. ಕಾನ್ವೆಂಟಿನ ಸಿಸ್ಟರುಗಳು ನನಗೆ ಕಲಿಸಿದ್ದರಲ್ಲಿ ಇಂದಿಗೂ ಉಪಯೋಗಕ್ಕೆ ಬರುವುದು ಅದೊಂದೇ, ಕೊನೆಯ ಸಾಲಿನವರೆಗೂ ಓದುವುದು. ಹಾಗೆ ಓದುವಾಗ ಸಿಕ್ಕಿತು, ಛತ್ರದ ಚಿತ್ರವಿದ್ದ ಒಂದು ಬಡಪಾಯಿ ಕಾರ್ಡು: ‘ಎದುರಾಳಿಗೆ ಇಷ್ಟವಿದ್ದರೆ ಎರಡು ಕಾರ್ಡು ಎತ್ತಿಕೊಳ್ಳಬಹುದು.’ ಶತ್ರುವಿಗೆ ಉಪಕಾರ ಮಾಡುವ ಕಾರ್ಡು ಯಾರಿಗೆ ಬೇಕು? ಎಲ್ಲರೂ ಬೇಡವೆಂದು ನಿಶ್ಚಿತಾಳಿಗೆ ದಾಟಿಸಿದ್ದರಿಂದ ಇಂಥವು ಡಬ್ಬಿಯ ತುಂಬ ಇದ್ದವು. ಛತ್ರ, ಅರವಟ್ಟಿಗೆ, ಔತಣ, ಹೆಸರು ಬೇರೆ, ಗುಣ ಒಂದೇ.

ಆಗ ನೆನಪಾದದ್ದು ಗೌಡಗೆರೆ ಕಡೆಯ ನನ್ನ ಅತ್ತೆಯ ತವರು. ಮದುವೆಯಾದ ಹೊಸತರಲ್ಲಿ ಅಲ್ಲಿ ಊಟಕ್ಕೆ ಕೂತು, ಕಾನ್ವೆಂಟಿನ ಶಿಸ್ತಿನಲ್ಲಿ “ನೋ, ಥ್ಯಾಂಕ್ಯೂ” ಎಂದಿದ್ದೆ. ಅದು ಅವರಿಗೆ ಕೆಮ್ಮಿನಂತೆ ಕೇಳಿಸಿರಬೇಕು. ಎರಡು ಕೈಯಿಂದ ಎಲೆ ಮುಚ್ಚಿದೆ. ಬೆರಳ ಸಂದಿಯಲ್ಲಿ ಮುದ್ದೆ ಬಂತು. “ಅಯ್ಯ, ಇನ್ನೊಂದ್ ಉಣ್ಣಮ್ಮ, ಕೋಳಿಮರಿಯಂಗೆ ಕೆದಕ್ತಾ ಕುಂತವ್ಳೆ!” ಸುತ್ತ ಕೂತ ಗಂಡಸರಾರೂ ಬೇಡವೆನ್ನಲಿಲ್ಲ. ಹೊಟ್ಟೆ ಬಿರಿಯುತ್ತಿದ್ದರೂ ಮುಂದೆ ಬಂದದ್ದಕ್ಕೆ ಎಲೆಯೊಡ್ಡುವುದೇ ಈ ಸೀಮೆಯ ಪೌರುಷ. ಬಡಿಸುವವರು ನಿಲ್ಲಿಸುವುದಿಲ್ಲ, ಉಣ್ಣುವವರು ಸಾಕೆನ್ನುವುದಿಲ್ಲ. ಪಾತ್ರೆ ಖಾಲಿಯಾಗುತ್ತಿರುವುದು ಒಲೆಯ ಮುಂದಿನವಳಿಗೆ ಮಾತ್ರ ಗೊತ್ತು.

ಆ ತಿಳಿವಳಿಕೆಯಿಂದಲೇ ನನ್ನ ಡೆಕ್ ಕಟ್ಟಿದೆ. ಒಂದು ಡ್ರ್ಯಾಗನ್ ಇಲ್ಲ, ಒಂದು ಕತ್ತಿಯಿಲ್ಲ. ಅರ್ಧ ಉಪಚಾರ, ಉಳಿದರ್ಧ ಗೋಡೆ, ಕೋಟೆ, ಗಾಯಕ್ಕೆ ಮುಲಾಮು. ನಮ್ಮನೆಯವರು ನೋಡಿ, “ಇದು ಯುದ್ಧಕ್ಕೋ, ಗೃಹಪ್ರವೇಶಕ್ಕೋ?” ಎಂದರು. ಭಾನುವಾರ ನಾನೇ ಆಡಲೆಂದು ಶಿರಾಕ್ಕೆ ಹೊರಟೆ. ನಿಶ್ಚಿತಾ ಜೊತೆಗೆ ಬಂದು ಗೋಡೆಬದಿಯ ಕುರ್ಚಿಯಲ್ಲಿ ಕೂತಳು.

ಪಂದ್ಯದಲ್ಲಿ ಮೊದಲು ಸಿಕ್ಕವರು ಪಾವಗಡದ ಸೋಲಾರ್ ಪಾರ್ಕಿನಲ್ಲಿ ಕೆಲಸ ಮಾಡುವ ಒಬ್ಬ ಸೂಪರ್‌ವೈಸರು. ನಾನು ಛತ್ರ ಇಳಿಸಿ, ಎರಡು ಕಾರ್ಡು ಬೇಕೆ ಎಂದು ಸೌಜನ್ಯದಿಂದ ವಿಚಾರಿಸಿದೆ.

“ಊರಿಕೇ, ಪುಕ್ಕಟೆ ಬತ್ತಿದ್ರೆ ಯಾಕ್ ಬುಡಾದು? ಹಾಕಕ್ಕ!”

ಅರವಟ್ಟಿಗೆ ಇಳಿಸಿದೆ. “ಪರ್ವಾಲೇದಕ್ಕ, ಇನ್ನೂ ಹಾಕಿ, ತಿಂತೀನಿ!” ಸುತ್ತ ನಿಂತವರು ನಕ್ಕರು. ಅವರ ಕೈತುಂಬ ಡ್ರ್ಯಾಗನ್ನುಗಳು. ಕಣದಲ್ಲಿ ಇಳಿಸಲು ಜಾಗವಿಲ್ಲ. ಇಳಿದವು ನನ್ನ ಗೋಡೆಗೆ ಹಣೆ ಚಚ್ಚಿಕೊಳ್ಳುತ್ತಿದ್ದವು. ಕೊನೆಗೆ ಅವರು ಗತ್ತಿನಿಂದ ಕಾರ್ಡು ಎತ್ತಲು ಕೈಯಿಟ್ಟರೆ ಕೈಗೆ ಸಿಕ್ಕಿದ್ದು ಮೇಜಿನ ಹಲಗೆ. “ಏಮಕ್ಕಾ ಇದು!” ಎಂದು ಅವರು ಬಗ್ಗಿ ಮೇಜಿನ ಕೆಳಗೂ ಹುಡುಕಿದರು. ಇನ್ನೂ ಮೂವರು ಹೀಗೆಯೇ ಕಟ್ಟು ಬರಿದಾಗಿ, ಸಂತೃಪ್ತರಾಗಿ ಸೋತರು. ಬೇಡ ಎಂದಿದ್ದರೆ ಸಾಕಿತ್ತು; ಆ ಎರಡಕ್ಷರ ಒಬ್ಬರ ಬಾಯಿಂದಲೂ ಹೊರಡಲಿಲ್ಲ.

ಫೈನಲ್ಲಿನಲ್ಲಿ ಮಾಸ್ಟ್ರು. ಅಷ್ಟು ಹೊತ್ತೂ ನನ್ನ ಬೆನ್ನ ಹಿಂದೆ ನಿಂತು ನೋಡಿದ್ದರು. ನಾನು ಛತ್ರ ಇಳಿಸಿದ್ದೇ ತಡ, ಅವರು ತಮ್ಮ ಕಟ್ಟಿನ ಮೇಲೆ ಅಂಗೈ ಮುಚ್ಚಿ, “ಬ್ಯಾಡ ಮೇಡಂ, ಹೊಟ್ಟೆ ತುಂಬೈತೆ,” ಎಂದರು. ತಮ್ಮ ಸರದಿಯ ಒಂದು ಕಾರ್ಡು ಎತ್ತುವುದಕ್ಕೆ ಬಿಟ್ಟರೆ ಮುಚ್ಚಿದ ಕೈ ತೆಗೆಯಲೇ ಇಲ್ಲ. ಉಣ್ಣುವವರಿಲ್ಲದ ಮೇಲೆ ಉಪಚಾರಕ್ಕೆ ಏನು ಬೆಲೆ? ಗೋಡೆಗಳು ಒಂದೊಂದಾಗಿ ಉರುಳಿದವು, ನಾನು ಸೋತೆ. ತಿರುಗಿ ನೋಡಿದರೆ ನಿಶ್ಚಿತಾ ಕುರ್ಚಿಯ ಅಂಚಿಗೆ ಬಂದು ಕೂತಿದ್ದಳು. ಆದರೆ ಮನೆಗೆ ಬಂದಮೇಲೂ ಡಬ್ಬಿ ಪೇಪರಿನ ರಾಶಿಯ ಮೇಲೆಯೇ ಉಳಿಯಿತು.

ಮುಂದಿನ ಭಾನುವಾರ ಸೇಡು ತೀರಿಸಿಕೊಳ್ಳಲು ಅದೇ ಡೆಕ್ ಹಿಡಿದು ಹೋದೆ. ಏನು ನೋಡುವುದು! ಮಾಸ್ಟ್ರು ನನ್ನ ನಲವತ್ತು ಕಾರ್ಡಿನ ಪಟ್ಟಿಯನ್ನು ಆಟಗಾರರ ವಾಟ್ಸಾಪ್ ಗ್ರೂಪಿಗೆ ಹಾಕಿದ್ದರು. ಇಡೀ ಮಹಡಿ ಛತ್ರಮಯವಾಗಿತ್ತು. ಡ್ರ್ಯಾಗನ್ ಹಿಡಿದ ವೀರರೆಲ್ಲ ರಾತ್ರೋರಾತ್ರಿ ಬಡಿಸುವವರಾಗಿದ್ದರು. ಈಗ ಪಾಠ ಕಲಿತಿದ್ದರಿಂದ ಎಲ್ಲರೂ ಕಟ್ಟಿನ ಮೇಲೆ ಕೈ ಮುಚ್ಚಿಕೊಂಡೇ ಕೂತಿದ್ದರು.

“ತಗಳಿ ಸಾರ್.”

“ಬ್ಯಾಡ, ನೀವ್ ತಗಳಿ.”

“ಅಯ್ಯೋ, ನಂಗ್ ಬ್ಯಾಡ ಕಣ್ರೀ, ನೀವೇ ತಗಳಿ!”

ಒಂದೊಂದು ಸರದಿಗೂ ಇಷ್ಟು ಒತ್ತಾಯ ನಡೆದು, ಮಧ್ಯಾಹ್ನವಾದರೂ ಯಾರ ಕಟ್ಟೂ ಅರ್ಧಕ್ಕೆ ಇಳಿದಿರಲಿಲ್ಲ; ಒಬ್ಬರೂ ಗೆದ್ದಿರಲಿಲ್ಲ, ಒಬ್ಬರೂ ಸೋತಿರಲಿಲ್ಲ. ಬೀಗರ ಮನೆಯ ಮೊದಲ ಪಂಕ್ತಿಯಂತೆ ಒಬ್ಬರನ್ನೊಬ್ಬರು ನೋಡುತ್ತ ಕೂತಿದ್ದರು. ಅವರ ಅನುಕರಣಶೀಲತೆಯ ಬಗ್ಗೆ ಮನಸ್ಸಿನಲ್ಲೇ ಒಂದು ಭಾಷಣ ರಚಿಸುತ್ತ, ನಾನೂ ಎದುರಿಗಿದ್ದವರಿಗೆ ಛತ್ರ ಇಳಿಸಿ, “ತಗೊಳ್ಳಿ,” ಎಂದೆ. ಗೋಡೆಯ ಕಡೆಯಿಂದ ಜೋರಾದ ನಗು ಕೇಳಿಸಿತು. ನಿಶ್ಚಿತಾ. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಮನೆಗೆ ಹಿಂತಿರುಗುವ ಮಧುಗಿರಿಯ ಬಸ್ಸಿನಲ್ಲಿ ಅವಳೇ ಮಾತು ತೆಗೆದಳು. “ಅಮ್ಮ, ಅವರು ನಿನ್ನ ಕಾಪಿ ಹೊಡೆದ್ರು ಸರಿ. ನೀನು ಯಾರ ಕಾಪಿ ಹೊಡೆದೆ?”

“ಯಾರದ್ದೂ ಇಲ್ಲ, ನನ್ನದೇ ಡೆಕ್ಕು.”

“ಅದೇ ಮತ್ತೆ. ಹೋದ ವಾರದ ನಿನ್ನದನ್ನೇ. ಬುದ್ಧಿ ಇರೋರು ಯಾರಾದ್ರೂ ಅದನ್ನೇ ತಗೊಂಡು ಹೋಗ್ತಾರಾ?”

ಎರಡು ವಾರದಿಂದ ಇಡೀ ಶಿರಾವನ್ನು ತಾತ್ಸಾರದಿಂದ ನೋಡುತ್ತಿದ್ದ ನಾನು ಕಿಟಕಿಯ ಕಡೆ ತಿರುಗಿದೆ.

ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಅವಳು ವರಾಂಡದ ರಾಶಿಯ ಮೇಲಿಂದ ಡಬ್ಬಿ ಎತ್ತಿಕೊಂಡಳು. ಮುಚ್ಚಳ ಬಿಗಿಯಾಗಿತ್ತು, ಹಲ್ಲು ಕಚ್ಚಿ ತೆಗೆದು ನೆಲದ ಮೇಲೆ ಸುರುವಿದಳು. ಆಮೆ, ಮುಂಗುಸಿ, ಮುಳ್ಳುಹಂದಿಗಳೆಲ್ಲ ಕಾಲು ಚಾಚಿ ಹೊರಬಂದವು. ಆಮೇಲೆ ನನ್ನ ಮುಂದೆ ಕೈ ಒಡ್ಡಿ ಡೆಕ್ ಕೇಳಿ ಪಡೆದು, ನಲವತ್ತನ್ನೂ ಒಂದೊಂದಾಗಿ ನೋಡುತ್ತ ಹೋದಳು. ಮೂರು ಗೋಡೆ ಇಟ್ಟುಕೊಂಡಳು. ಉಳಿದ ಮೂವತ್ತೇಳನ್ನು, ಎರಡನೇ ಸಲ ನೋಡುವ ಗೋಜಿಗೂ ಹೋಗದೆ ನನ್ನ ಮಡಿಲಿಗೆ ಹಾಕಿದಳು.

“ಇವನ್ನ ಪೇಪರಿನವರಿಗೆ ಕೊಡು,” ಎಂದು, ನನ್ನ ಮೊಣಕಾಲನ್ನು ಪಕ್ಕಕ್ಕೆ ತಳ್ಳಿ, ಅದರಡಿ ಸಿಕ್ಕಿಕೊಂಡಿದ್ದ ಮುಳ್ಳುಹಂದಿಯನ್ನು ಎಳೆದುಕೊಂಡಳು.